ಮುಂದಿನ ಶುಕ್ರವಾರದ ಸಮುದ್ರ

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಹವಾಮಾನ ವರದಿಯಷ್ಟೇ ಗೌರವ. ಅಂದರೆ, ಇವತ್ತು ಮಳೆ ಬರುತ್ತದೆ ಎಂದು ನಾನು ಹೇಳಿದರೆ ಹೆಂಡತಿ ಸುಮತಿ ನಿಶ್ಚಿಂತೆಯಿಂದ ಹಪ್ಪಳ ಒಣಗಿಸುತ್ತಾಳೆ. ಲಿಫ್ಟು ನಡುವೆ ನಿಲ್ಲುತ್ತದೆ, ಹಾಲು ಒಡೆಯುತ್ತದೆ, ನೆಂಟರು ಬಂದ ದಿನವೇ ಗ್ಯಾಸು ಮುಗಿಯುತ್ತದೆ ಎಂದು ನಾನು ನುಡಿದ ಭವಿಷ್ಯಗಳೆಲ್ಲ ಒಂದಾದ ಮೇಲೊಂದರಂತೆ ಸುಳ್ಳಾಗಿ ನನ್ನ ಮಾನ ಕಳೆದಿವೆ. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದವನಿಗೆ ಇಂಥ ಅಳ್ಳೆದೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನಿದ್ದದ್ದು ವಾಹನ ದುರಸ್ತಿಯ ವಿಭಾಗದಲ್ಲಿ, ಸ್ವಾಮಿ. ಕಳಚಿ ಬೀಳಬಹುದಾದ ನಟ್ಟನ್ನು ಬೀಳುವ ಮೊದಲೇ ಊಹಿಸಿ ಕಂಗೆಡುವುದಕ್ಕೇ ಅಲ್ಲಿ ಸಂಬಳ. ಪೆನ್ಷನ್ ಪಡೆದು, ಕುವೈತಿನ ಸೇನೆಯ ವರ್ಕ್‌ಶಾಪಿಗೆ ಸೇರಿ, ಫಹಾಹೀಲಿನಲ್ಲಿ ಮನೆ ಹಿಡಿದಾಗ ಕಪ್ಪು ಟ್ರಂಕಿನ ಜೊತೆಗೆ ಆ ಅಭ್ಯಾಸವನ್ನೂ ಹೊತ್ತು ತಂದೆ.

ವಿಚಿತ್ರವೆಂದರೆ, ನಿಜವಾದ ವಿಪತ್ತು ಬಂದಾಗ ಅದು ನನ್ನ ಪಟ್ಟಿಯಲ್ಲಿರಲಿಲ್ಲ. ತೊಂಬತ್ತರ ಆಗಸ್ಟಿನ ಆ ಗುರುವಾರ ಇರಾಕಿನ ಟ್ಯಾಂಕುಗಳು ಬಂದವು. ಮರುದಿನ ಶುಕ್ರವಾರ, ವಾರದ ರಜೆ. ಇನ್ನೂ ನಾಲ್ಕು ತುಂಬದ ಮಗಳು ಅನುವನ್ನು ಫಿಂಟಾಸಿನ ಕಡಲತೀರಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕುಳಿತಿದ್ದ ಕೂಸಿಗೆ ಯುದ್ಧವೆಂದರೇನೆಂದು ವಿವರಿಸಲಾರದೆ, "ಮುಂದಿನ ಶುಕ್ರವಾರ ಹೋಗೋಣ ಪುಟ್ಟಿ" ಎಂದೆ.

ಆ ಶುಕ್ರವಾರ ಬರಲು ಹದಿನಾರು ತಿಂಗಳು ಹಿಡಿಯಿತು. ಮರುಭೂಮಿಯ ಬಸ್ಸು, ಅಮ್ಮಾನಿನಿಂದ ವಿಮಾನ, ಕೊನೆಗೆ ಮೈಸೂರಿನಲ್ಲಿ ಸುಮತಿಯ ತವರು. ಅಲ್ಲಿ ಅನು ಚೆನ್ನಾಗಿ ಕನ್ನಡ ಕಲಿತಳು; ಕಲಿತ ಕನ್ನಡವನ್ನೆಲ್ಲ "ಇದು ಮುಂದಿನ ಶುಕ್ರವಾರವಾ?" ಎಂದು ಕೇಳುವುದಕ್ಕೇ ಬಳಸಿದಳು. ಸಮಾಧಾನಕ್ಕೆಂದು ಕೆರೆ ತೋರಿಸಿದರೆ, "ಆ ಕಡೆ ದಡ ಕಾಣ್ತಿದೆ. ಇದು ಸಮುದ್ರ ಅಲ್ಲ" ಎಂದು ಬೆನ್ನು ತಿರುಗಿಸಿದಳು.

ಯುದ್ಧ ಮುಗಿದ ಮೇಲೆ ಮೊದಲು ನಾನು, ಆಮೇಲೆ ಅವರಿಬ್ಬರು ಫಹಾಹೀಲಿಗೆ ಮರಳಿದೆವು. ಊರಿಗೆ ಹೋಗುವ ರಜೆ ಇನ್ನೊಂದು ವರ್ಷ ಸಿಗುವಂತಿರಲಿಲ್ಲ. ಡಿಸೆಂಬರಿನಲ್ಲಿ ಮೂರೇ ದಿನ ದೊರೆತವು. ಕ್ರಿಸ್‌ಮಸ್ಸಿಗೆ ಮಂಗಳೂರಿಗೆ ಹೊರಟಿದ್ದ ಸಹೋದ್ಯೋಗಿ ವಿನ್ಸೆಂಟ್, ಫಿಂಟಾಸಿನಲ್ಲಿ ಸಮುದ್ರಕ್ಕೆ ಎದುರಾಗಿದ್ದ ತನ್ನ ಫ್ಲಾಟಿನ ಬೀಗದ ಕೈ ಕೊಟ್ಟ. ತೀರದ ಮರಳಿನಲ್ಲಿ ಶತ್ರುಗಳು ಹೂತ ನೆಲಬಾಂಬುಗಳನ್ನು ಇನ್ನೂ ತೆಗೆದಿಲ್ಲವಲ್ಲ ಎಂದು ನಾನು ರಾಗವೆಳೆದೆ.

"ಬಾಲ್ಕನಿಯಲ್ಲಿ ಎಂತ ಬಾಂಬೂ ಇಲ್ಲ ಮಾರಾಯ್ರೇ! ಹೋಗಿ, ಆರಾಮ ಕೂತ್ಕೊಳ್ಳಿ."

ಹೀಗೆ, ಅರ್ಧ ಗಂಟೆಯೂ ಹಿಡಿಯದ ದಾರಿಗೆ ಎರಡು ಸೂಟ್‌ಕೇಸು, ಔಷಧದ ಡಬ್ಬಿ, ಮೇಣದಬತ್ತಿ, ಎರಡು ಟಾರ್ಚು ಸಮೇತ ಒಂದು ಪಟಾಲಮ್ಮು ಬೀಡು ಬದಲಿಸಿದಂತೆ ನಮ್ಮ ವಿಹಾರಯಾತ್ರೆ ಹೊರಟಿತು.

ಸಮುದ್ರ ಅಲ್ಲೇ ಇತ್ತು. ರಸ್ತೆ ದಾಟಿದರೆ ಮುಳ್ಳುತಂತಿ, ತಂತಿಗೆ ತೂಗುಹಾಕಿದ ಕೆಂಪು ತ್ರಿಕೋನದ ಫಲಕಗಳು, ಅದರಾಚೆ ಯಾರ ಹೆಜ್ಜೆಯೂ ಇಲ್ಲದ ಮರಳು, ಆಮೇಲೆ ನೀರು. ಮಿಠಾಯಿ ಅಂಗಡಿಯ ಗಾಜಿನೆದುರು ನಿಂತ ಹಾಗೆ ಅನು ಬಾಲ್ಕನಿಯ ಕಂಬಿಗೆ ಮೂಗು ಒತ್ತಿ ನಿಂತಳು. ಸುಮತಿ ಮೆಲ್ಲಗೆ, "ನೀವು ಹೇಳಿದ್ದೇ ಸರಿ ರೀ. ಅವಳನ್ನ ಕೆಳಗೆ ಬಿಡೋದು ಬೇಡ" ಎಂದಳು.

ಓದುಗ ಮಿತ್ರರೇ, ಈ ವಾಕ್ಯಕ್ಕಾಗಿ ನಾನು ಹನ್ನೆರಡು ವರ್ಷ ಕಾದಿದ್ದೆ. ಬಂದಾಗ ಅದು ಬಾಯಿಗೆ ಸಿಕ್ಕ ಹುಳುಕು ಬಾದಾಮಿಯಂತೆ ಕಹಿಯಾಗಿತ್ತು. ಚಿಂತಾಮಗ್ನರ ಗುಟ್ಟೊಂದನ್ನು ಹೇಳುತ್ತೇನೆ: ತಮ್ಮ ಮಾತು ಸುಳ್ಳಾಗಲಿ ಎಂಬುದೇ ಅವರ ನಿತ್ಯಪ್ರಾರ್ಥನೆ. ಮನೆಯವರು ನಗುತ್ತಿದ್ದಾರೆಂದರೆ ಮನೆ ಕ್ಷೇಮವಾಗಿದೆ ಎಂದರ್ಥ. ನನ್ನನ್ನು ಕಂಡು ನಗುತ್ತಿದ್ದ ಆ ಹಳೆಯ ಸುಮತಿಗಾಗಿ, ಅವಳು ಒಂದು ತೋಳಿನಳತೆಯಲ್ಲಿ ನಿಂತಿರುವಾಗಲೇ, ನನಗೆ ವಿಪರೀತ ಹಂಬಲವಾಯಿತು.

ಎರಡನೆಯ ದಿನ ಅನು ಸೂಟ್‌ಕೇಸಿಗೆ ಬಿಗಿದಿದ್ದ ನೈಲಾನ್ ಹಗ್ಗವನ್ನು ಎಳೆದುಕೊಂಡು ಬಂದಳು. ಯುದ್ಧಕ್ಕೆ ಮುಂಚೆ ಇದೇ ತೀರದಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ, ನಾನು ಅವಳ ಸೊಂಟಕ್ಕೆ ಮಿಲಿಟರಿ ಗಂಟು ಹಾಕಿ ಹಗ್ಗ ಹಿಡಿದು ನಿಲ್ಲುತ್ತಿದ್ದೆ. ತೀರವೆಲ್ಲ ನಗುತ್ತಿತ್ತು, ಸುಮತಿ ಬೇರೆ ಯಾರದೋ ಸಂಸಾರದವಳಂತೆ ದೂರ ಕೂರುತ್ತಿದ್ದಳು.

"ಇದನ್ನ ಕಟ್ಟು ಅಪ್ಪ. ಆಗ ಏನೂ ಆಗಲ್ಲ ಅಲ್ವಾ?"

ನನಗೆ ಗೊತ್ತಿದ್ದ ಯಾವ ಗಂಟೂ ನೆಲಬಾಂಬಿಗೆ ಆಗಿಬರುವಂಥದ್ದಲ್ಲ; ಹಗ್ಗವನ್ನು ಸುರುಳಿ ಸುತ್ತಿ ಮತ್ತೆ ಸೂಟ್‌ಕೇಸಿನ ಮೇಲಿಟ್ಟೆ.

ಮೂರನೆಯ ದಿನ ಶುಕ್ರವಾರ. ಇನ್ನು ತಡೆಯಲಾರದೆ ಅವರಿಬ್ಬರನ್ನೂ ಕರೆದುಕೊಂಡು ಕೆಳಗಿಳಿದು, ನೀರಿನ ತನಕ ಹೋಗಬಹುದೇ ಎಂದು ತಂತಿಯ ಬಳಿ ಕುರ್ಚಿ ಹಾಕಿಕೊಂಡಿದ್ದ ಮುದುಕ ಕಾವಲುಗಾರನನ್ನು ಕೇಳಿದೆ. ಅವನು ಮರಳಿನತ್ತ ಬೆರಳು ಮಾಡಿ, "ಮಮ್ನೂ!" ಎಂದು ಗದರಿದ. ಹೋಗಕೂಡದು ಎಂದರ್ಥ. ಮರುಕ್ಷಣ ಅನುವಿನ ಮುಖ ನೋಡಿ ಮೆತ್ತಗಾದ, ರಸ್ತೆಯಿಂದಲೇ ನೇರ ನೀರಿನವರೆಗೆ ಚಾಚಿದ್ದ ಕಾಂಕ್ರೀಟು ಕಟ್ಟೆಯನ್ನು ತೋರಿಸಿ, ಅದನ್ನು ಕಾಲಿನಿಂದ ಒದ್ದು, "ಮಾಫಿ ಮುಷ್ಕಿಲ್. ಚಲೋ ಭಾಯಿ" ಎಂದು, ಇಲ್ಲಿ ಅಡ್ಡಿಯಿಲ್ಲ ಎಂಬಂತೆ ಕೈಬೀಸಿದ.

ಕಾಂಕ್ರೀಟಿನಲ್ಲಿ ಬಾಂಬು ಹೂಳಲಾಗದೆಂದು ನನಗೂ ಗೊತ್ತು. ಆದರೂ ಬಿರುಕು ಬಿರುಕನ್ನೂ ಬಗ್ಗಿ ಪರೀಕ್ಷಿಸುತ್ತ ನಾನು ಮುಂದೆ, ಅವರಿಬ್ಬರು ಹಿಂದೆ. ತುದಿಯಲ್ಲಿ ನೀರು ಎರಡಾಳು ಕೆಳಗಿತ್ತು. ಫ್ಲಾಟಿಗೆ ಓಡಿ ವಿನ್ಸೆಂಟನ ಬಚ್ಚಲಿನ ಬಕೆಟ್ಟನ್ನೂ ಆ ನೈಲಾನ್ ಹಗ್ಗವನ್ನೂ ತಂದು, ಕಟ್ಟಿ ಇಳಿಬಿಟ್ಟು, ಅರ್ಧ ಬಕೆಟ್ ಸಮುದ್ರ ಸೇದಿದೆ.

ಅನು ಬೂಟು, ಕಾಲುಚೀಲ ಕಳಚಿ ಎರಡೂ ಪಾದ ಇಳಿಸಿದಳು. ಬಹಳ ಹೊತ್ತು ನೀರನ್ನೇ ನೋಡಿದಳು.

"ಅಪ್ಪ, ಇದರಲ್ಲಿ ಅಲೆ ಇಲ್ಲ."

ಮೊಣಕಾಲೂರಿ ಬಕೆಟ್ಟನ್ನು ಅಲುಗಿಸಿದೆ.

"ಇನ್ನೂ ಜೋರಾಗಿ!"

ನೀರು ನನ್ನ ಪ್ಯಾಂಟಿಗೆಲ್ಲ ಎರಚಿತು. ನಾಲಿಗೆ ತನ್ನಷ್ಟಕ್ಕೆ ಹೊರಳಿತು: "ಸಾಕು ಪುಟ್ಟಿ, ತಣ್ಣೀರು. ನಾಳೆ ನೆಗಡಿ, ಜ್ವರ ಗ್ಯಾರಂಟಿ."

"ನೋಡೇ ಅನು, ಸುತ್ತ ಬಾಂಬು ಇಟ್ಕೊಂಡು ನಿಮ್ಮಪ್ಪನಿಗೆ ನೆಗಡಿ ಚಿಂತೆ!" ಎಂದಳು ಸುಮತಿ, ಎಂದವಳು ನಗತೊಡಗಿದಳು, ನಿಂತು ನಗಲಾರದೆ ಕಟ್ಟೆಯ ಮೇಲೇ ಕುಳಿತಳು. ದೂರದಲ್ಲಿ ಕಾವಲಿನ ಮುದುಕನೂ ಏಕೆಂದು ತಿಳಿಯದೆ ನಕ್ಕ. ಅನು ಮಾತ್ರ ನಗಲಿಲ್ಲ. ಪಾದ ಬಕೆಟ್ಟಿನಲ್ಲಿಟ್ಟು, ತಂತಿಯಾಚೆಯ ಉದ್ದನೆಯ ತೀರವನ್ನು ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಎದ್ದವನೇ ಅವಳ ಹಣೆ ಮುಟ್ಟಿದೆ. ನಂಬಿಕೆ ಬಾರದೆ ಕತ್ತು ಮುಟ್ಟಿದೆ, ಅಂಗಾಲು ಮುಟ್ಟಿದೆ. ಎಲ್ಲ ತಣ್ಣಗಿತ್ತು. ಜ್ವರ ಬಂದಿರಲಿಲ್ಲ.