ಮಾವನ ಫ್ಲ್ಯಾಶ್ ಸುಟ್ಟ ಭಾನುವಾರ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೆ. ದಯವಿಟ್ಟು ಹೊಂದಿಸಿಕೊಂಡು ಓದಿ. ಹಕ್ಕಿಗಳ ಫೋಟೊ ತೆಗೆಯುವವರ ಸಂಘದ ಪುಸ್ತಿಕೆಗೆ ನನ್ನ ಸೋದರಮಾವನ ಬಗ್ಗೆ ಒಂದು ಪುಟ ಬರೆದುಕೊಡು ಎಂದು ಕಾರ್ಯದರ್ಶಿಯವರು ಕೇಳಿದ್ದಾರೆ. ಮಾವ ಕ್ಯಾಮೆರಾ ಬಿಡುತ್ತಿದ್ದಾರಲ್ಲ, ಅದಕ್ಕೆ.

ಮಾವ ಮೂವತ್ತೊಂದು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಾರೆ. ಉಗುರಿನ ಸಂದಿಯಲ್ಲಿ ಸದಾ ಬಿಳಿ ಪುಡಿ. ಭಾನುವಾರ ಮಾತ್ರ ಮೊಳದುದ್ದದ ಟೆಲಿಲೆನ್ಸ್ ಹೊತ್ತು ಕೆರೆಗೆ ಹೋಗುತ್ತಾರೆ. ಕೊಂಬೆಯ ನೆರಳಲ್ಲಿ ಕೂತ ಹಕ್ಕಿ ಫೋಟೊದಲ್ಲಿ ಬರೀ ಕಪ್ಪಾಗಿ ಬರುತ್ತದೆ, ಫ್ಲ್ಯಾಶಿನ ಬೆಳಕು ಅಷ್ಟು ದೂರ ಮುಟ್ಟುವುದಿಲ್ಲ. ಅದಕ್ಕೆ ಮಾವ ತೆಳು ಪ್ಲಾಸ್ಟಿಕ್ಕಿನ ಭೂತಗನ್ನಡಿಯೊಂದನ್ನು ರಟ್ಟಿನ ಗೂಡಿಗೆ ಅಂಟಿಸಿ ಫ್ಲ್ಯಾಶಿನ ಮುಂದೆ ಕಟ್ಟಿದ್ದರು. ಚದುರುವ ಬೆಳಕು ಅದರಿಂದ ಒಟ್ಟಾಗಿ ದೂರ ಹೋಗುತ್ತದೆ. "ಜಾಸ್ತಿ ಬೇಡಮ್ಮ, ಹಕ್ಕಿ ಕಣ್ಣಲ್ಲಿ ಒಂದು ಚುಕ್ಕಿ ಹೊಳೆದ್ರೆ ಸಾಕು," ಎನ್ನುತ್ತಿದ್ದರು. ಕೆಲಸವಿಲ್ಲದಾಗ ಅದಕ್ಕೆ ಕಪ್ಪು ಬಟ್ಟೆ ಹೊದಿಸಲೇಬೇಕು. ಬಿಸಿಲು ಎದುರಿನಿಂದ ಹೊಕ್ಕರೆ ಒಳಗೆ ಒಂದೇ ಬಿಂದುವಾಗಿ ಸುಡುತ್ತದೆ.

ಅತ್ತೆಗೆ ಇದೆಲ್ಲ ತಮಾಷೆ. "ನೂರು ಹಕ್ಕಿ ಹೆಸರು ಬಾಯಿಪಾಠ. ತರಕಾರಿ ತನ್ನಿ ಅಂದ್ರೆ ಖಾಲಿ ಚೀಲ ಬರುತ್ತೆ!"

"ಚೀಲನಾದ್ರೂ ವಾಪಸ್ ತಂದ್ನಲ್ಲೇ!"

ಹೋದ ಭಾನುವಾರ ಮಾವ ಮಿಂಚುಳ್ಳಿ ಹುಡುಕುತ್ತ ಆಚೆ ದಡಕ್ಕೆ ಹೋದರು. ಕ್ಯಾಮೆರಾ, ಫ್ಲ್ಯಾಶ್ ನಿಲ್ಲಿಸಿದ್ದ ಟ್ರೈಪಾಡಿನ ಹತ್ತಿರ ನಾನೊಬ್ಬಳೇ ಇದ್ದೆ. ನನ್ನ ಕನ್ನಡಕ ಮಸುಕಾಗಿತ್ತು. ಫ್ಲ್ಯಾಶಿನ ಮೇಲಿನ ಮೆತ್ತನೆಯ ಬಟ್ಟೆ ತೆಗೆದು ಒರೆಸಿಕೊಂಡೆ. ಅಭ್ಯಾಸಬಲದಿಂದ ಅದನ್ನು ಜೇಬಿಗೆ ತುರುಕಿ, ನೀರಿನ ಅಂಚಿಗೆ ಹೋಗಿ ಕೂತೆ. ಬಿಸಿಲು ಏರಿ ಎದುರಿಗೆ ಬಂದದ್ದು ಗಮನಕ್ಕೆ ಬರಲಿಲ್ಲ. ಪ್ಲಾಸ್ಟಿಕ್ ಸುಟ್ಟ ವಾಸನೆಗೆ ನಾನು ತಿರುಗುವಷ್ಟರಲ್ಲಿ ಮಾವ ಓಡಿ ಬರುತ್ತಿದ್ದರು. ಫ್ಲ್ಯಾಶಿನ ಮುಖ ಕರಗಿ ತೂತಾಗಿತ್ತು.

"ನಾನು ಬಟ್ಟೆ ಹಾಕಿದ್ನಲ್ವಾ, ಪುಟ್ಟಿ?"

"ಗೊತ್ತಿಲ್ಲ ಮಾವ," ಅಂದೆ. ಬಟ್ಟೆ ನನ್ನ ಜೇಬಿನಲ್ಲೇ ಇತ್ತು.

ಮಾವನ ತಾಯಿ, ಅಂದರೆ ನನ್ನ ಅಜ್ಜಿ, ಕೊನೆಕೊನೆಗೆ ಮಕ್ಕಳ ಹೆಸರನ್ನೂ ಮರೆತಿದ್ದರು. ತನಗೂ ಅದೇ ಶುರುವಾಯಿತೆಂದು ಮಾವ ನಂಬಿಬಿಟ್ಟಿದ್ದಾರೆ. ಬಾಗಿಲಿಗೆ ಬೀಗ ಹಾಕಿದ್ದನ್ನೂ ಈಗ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಅತ್ತೆ ತಮಾಷೆ ನಿಲ್ಲಿಸಿ, ಅವರಿಗೆ ಕಾಣದಂತೆ ಹೋಗಿ ಬೀಗ ಎಳೆದು ನೋಡುತ್ತಾರೆ.

ನಿನ್ನೆ ಊಟಕ್ಕೆ ಕೂತಾಗ ಮಾವ ಹೇಳಿದರು: "ಲೆನ್ಸು ಸಂಘಕ್ಕೆ ಕೊಟ್ಬಿಡ್ತೀನಿ. ನಾಳಿದ್ದು ಅಂಗಡಿ ಕೆಲಸನೂ ಬಿಡ್ತೀನಿ ಅಂತ ಯಜಮಾನ್ರಿಗೆ ಹೇಳ್ಬೇಕು. ಬಿಸಿಲಲ್ಲಿ ಗಾಜು ಮರೆಯೋನ ಕೈಗೆ ಜನ ಕಣ್ಣು ಒಪ್ಪಿಸ್ಬಾರ್ದು."

"ಸುಮ್ನೆ ಊಟ ಮಾಡ್ರಿ," ಎಂದ ಅತ್ತೆ ತಾವೇ ತಟ್ಟೆ ಬಿಟ್ಟು ಎದ್ದರು.

ಮಾವ ಏನನ್ನೂ ಮರೆತಿರಲಿಲ್ಲ. ಬಟ್ಟೆ ನನ್ನ ದಿಂಬಿನ ಕೆಳಗಿದೆ. ನಾಳೆ ಬೆಳಿಗ್ಗೆ ಅವರು ಅಂಗಡಿಗೆ ಹೊರಡುವ ಮುಂಚೆ ಬಟ್ಟೆಯನ್ನೂ ಈ ಹಾಳೆಯನ್ನೂ ಅವರ ಕೈಗೆ ಕೊಡುತ್ತೇನೆ. ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ.