ಬೇಲಿ ಹತ್ತುವ ಪ್ರೊಫೆಸರು

ನಮ್ಮ ಯಾರ್ಕ್‌ಷೈರಿನ ಮನೆಯ ಮಹಡಿಗೆ ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಬಂದಿರುವ ದಕ್ಷಿಣ ಆಫ್ರಿಕಾದ ಪ್ರೊಫೆಸರ್ ಮೊಲೆಫೆ ಚಹಾಕ್ಕೆ ಐದು ಚಮಚ ಸಕ್ಕರೆ ಸುರಿಯುತ್ತಾರೆ, ಬಸ್ಸಿನಲ್ಲಿ ಅಪರಿಚಿತರನ್ನೆಲ್ಲ ಮಾತಾಡಿಸಿ ಕಂಗಾಲು ಮಾಡುತ್ತಾರೆ, ಭಾನುವಾರವಾದರೆ ನಕ್ಷೆ ಹಿಡಿದು ರೈತ ಗಾರ್‌ಸೈಡನ ಹೊಲದ ನಡುವೆಯೇ ನಡೆಯುತ್ತಾರೆ. ಅಲ್ಲಿರುವುದು ಎಲ್ಲರಿಗೂ ಹಕ್ಕಿರುವ, ನಕ್ಷೆಯಲ್ಲೂ ಗುರುತಾಗಿರುವ ಹಳೆಯ ಕಾಲುದಾರಿ. ಗಾರ್‌ಸೈಡ್ ಅದಕ್ಕೆ ಬೇಲಿ ಹಾಕಿದ ಮೇಲೆ ನಾವು ಇಂಗ್ಲಿಷರು ಆ ಬೇಲಿಗೂ ‘ಸಾರಿ’ ಹೇಳಿ ಸುತ್ತು ಬಳಸಿ ಹೋಗುತ್ತಿದ್ದೆವು. ಇವರು ಮಳೆಗೂ ಜಗ್ಗುವುದಿಲ್ಲ, ಹೋರಿಗೂ ಜಗ್ಗುವುದಿಲ್ಲ, ಬೇಲಿ ಹತ್ತಿ ಇಳಿಯುತ್ತಾರೆ. ಮೊನ್ನೆ ನನ್ನೆದುರೇ ಗಾರ್‌ಸೈಡ್ ಅಡ್ಡ ನಿಂತ: “ಬರೋ ತಿಂಗಳು ಊರಿಗೆ ಹೋಗೋರು ನೀವು, ಈ ದಾರಿ ಯಾಕ್ರೀ ನಿಮಗೆ?” ಪ್ರೊಫೆಸರು ನಕ್ಷೆಯನ್ನು ಅವನ ಮೂಗಿನ ಮುಂದೆ ಹಿಡಿದರು. “ನಮ್ಮಪ್ಪ ತಾನು ಹುಟ್ಟಿದ ಊರಲ್ಲೇ ಓಡಾಡೋಕೂ ಬಿಳಿ ಪೊಲೀಸರಿಗೆ ಪಾಸ್ ತೋರಿಸ್ಬೇಕಿತ್ತು. ಇದು ನನ್ನ ಪಾಸ್. ನೋಡಿದ್ರಲ್ಲ, ಸರೀರಿ ಪಕ್ಕಕ್ಕೆ!” ಗಾರ್‌ಸೈಡ್ ಸರಿದು ನಿಂತು, “ಸಾರಿ” ಎಂದ.