ಕೆಂಪು ರಬ್ಬರ್ ಬ್ಯಾಂಡು

ಮೊನ್ನೆ ಮಾನ್ವಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ಕಟ್ಟಿಸಿಕೊಂಡು ಗಿರಣಿಗೆ ಹೋದೆ. ಚಟ್ನಿ ಪೊಟ್ಟಣದ ಬಾಯಿಗೆ ಕೆಂಪು ರಬ್ಬರ್ ಬ್ಯಾಂಡು ಸುತ್ತಿದ್ದರು. ಬಿಚ್ಚಿ ಬೆರಳಿಗೆ ಸಿಕ್ಕಿಸಿಕೊಂಡೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಇಡ್ಲಿ ಹಾಗೆಯೇ ಉಳಿಯಿತು...

ನೆನಪಾದವನು ಆ ಕಂಡಕ್ಟರ್. ಅವನು ನನ್ನ ಸ್ನೇಹಿತನಲ್ಲ. ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯ ಮಾತು ಬರೆಯುತ್ತಾರೆ. ನಾನು ಹಾಗೆ ಬರೆದರೆ ಅದು ಸುಳ್ಳಾಗುತ್ತದೆ. ಅವನ ವಿಷಯದಲ್ಲಿ ಒಂದು ಸುಳ್ಳು ಹೇಳಿದ್ದೇ ಸಾಕು. ಹನ್ನೊಂದು ವರ್ಷ ನಾವು ಒಬ್ಬರನ್ನೊಬ್ಬರು ದಿನವೂ ನೋಡಿದೆವು. ಒಂದು ದಿನವೂ ಸಹಿಸಲಿಲ್ಲ.

ನಾನು ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಲಾರಿ ಬಂದರೆ ತೂಕದ ಚೀಟಿ ಬರೆಯುವುದು ನನ್ನ ಕೆಲಸ. ಮನೆ ರಾಯಚೂರಿನಲ್ಲಿ. ಬೆಳಿಗ್ಗೆ ನಮ್ಮ ಓಣಿಯ ಮೂಲೆಯಿಂದ ಹೋಗುವ ಬಸ್ಸಿಗೆ ಅವನೇ ಕಂಡಕ್ಟರ್. ಮೊದಲ ವಾರವೇ ನನ್ನ ಟಿಫಿನ್ ಡಬ್ಬಿಯಿಂದ ಪುಂಡಿಪಲ್ಯದ ಎಣ್ಣೆ ಸೋರಿ ಅವನ ಖಾಕಿ ಪ್ಯಾಂಟಿನ ಮೇಲೆ ಬಿತ್ತು. ನಾನು ತಪ್ಪಾಯಿತು ಎನ್ನಬೇಕಿತ್ತು. "ಬಸ್ ಸರಿಯಾಗಿ ನಡಸ್ರಿ ಅಂತ ನಿಮ್ಮ ಡ್ರೈವರ್‌ಗೆ ಹೇಳು" ಎಂದೆ. ಅಲ್ಲಿಂದ ಶುರುವಾಯಿತು.

ಮಾರನೆಯ ದಿನದಿಂದ ನಾನು ಮೂಲೆಯಲ್ಲಿ ಕಾಣಿಸಿಕೊಂಡ ಕೂಡಲೇ ಅವನು ಸೀಟಿ ಊದುತ್ತಿದ್ದ. ಬಸ್ಸು ಹೊರಡುತ್ತಿತ್ತು. ನಾನು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ಓಡುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

"ಓಡ್ರಿ ಸಾವಕಾರ್ರ, ಓಡ್ರಿ! ಗಿರಣಿ ಅಕ್ಕಿ ಪುಕ್ಕಟ ತಿಂದ್ರ ಹೊಟ್ಟಿ ಹಿಂಗಾ ಕುಣಿತದ!"

ಗುಮಾಸ್ತನನ್ನು ಸಾವಕಾರ ಎಂದು ಕರೆದರೆ ಬಸ್ಸಿನವರೆಲ್ಲ ನಗುತ್ತಾರೆ. ನಕ್ಕರು, ವರ್ಷಗಟ್ಟಲೆ ನಕ್ಕರು. ಬೇರೆ ಬಸ್ಸಿಗೆ ಹೋಗಬಹುದಿತ್ತು. ಅದು ಸೋಲು ಅನ್ನಿಸುತ್ತಿತ್ತು.

ಹೀಗೆ ಓಡಿ ಓಡಿ ನನ್ನ ಉಸಿರು ಗಟ್ಟಿಯಾಯಿತು. ರಾಯಚೂರಿನಲ್ಲಿ ಬಡ ರೋಗಿಗಳ ಔಷಧಕ್ಕೆಂದು ಒಂದು ಓಟ ಇಟ್ಟಿದ್ದರು. ಹೆಸರು ಬರೆಸಿದೆ. ಬೆಳಗಿನ ಚಳಿಯಲ್ಲಿ, ಎದೆಗೆ ನಂಬರಿನ ಚೀಟಿ ಚುಚ್ಚಿಕೊಂಡು ನಿಂತಿದ್ದಾಗ ಪಕ್ಕದಲ್ಲಿದ್ದವನು ತಿರುಗಿದ. ಖಾಕಿ ಇಲ್ಲದ್ದರಿಂದ ಮೊದಲು ಗುರುತು ಸಿಗಲಿಲ್ಲ.

"ಏನ್ರಿ ಸಾವಕಾರ್ರ, ಇವತ್ತ ಬಸ್ಸಿಲ್ಲ. ಯಾವುದರ ಹಿಂದ ಓಡ್ತೀರಿ?"

"ನಿನ್ನ ಹಿಂದ ಅಂತೂ ಅಲ್ಲ" ಎಂದೆ. ಓಡಿದ್ದು ಅವನ ಹಿಂದೆಯೇ.

ಆಮೇಲೆ ವರ್ಷಕ್ಕೆ ಮೂರು ಓಟ. ರಾಯಚೂರಿನದು, ಮಾನ್ವಿಯದು, ದೇವದುರ್ಗದ್ದು. ಅವನು ನನ್ನ ಹಿಮ್ಮಡಿಗೆ ಹತ್ತಿ ಓಡುತ್ತಿದ್ದ. ಬೇಕೆಂದೇ ನನ್ನ ಬೂಟು ತುಳಿಯುತ್ತಿದ್ದ. ಮಾನ್ವಿಯಲ್ಲಿ ನೀರಿನ ಮೇಜಿನ ಮೇಲೆ ಎರಡೇ ಲೋಟ ಉಳಿದಿದ್ದಾಗ ನಾನು ಒಂದನ್ನು ಕುಡಿದು ಇನ್ನೊಂದನ್ನು ತಲೆಗೆ ಸುರಿದುಕೊಂಡೆ, ಅವನು ಬಾಯಿ ಒಣಗಿಸಿಕೊಂಡು ಬರುತ್ತಿರುವುದನ್ನು ನೋಡುತ್ತಲೇ. ಬ್ಯಾನರಿನ ಮೇಲೆ ಶಾಲೆಯ ಮಕ್ಕಳ ಚಿತ್ರ ಇರುತ್ತಿತ್ತು, ಮಕ್ಕಳಿಗಾಗಿ ಓಡಿ ಎಂದು ಬರೆದಿರುತ್ತಿತ್ತು. ನಾವಿಬ್ಬರೂ ಯಾವ ಮಕ್ಕಳಿಗಾಗಿಯೂ ಓಡಲಿಲ್ಲ.

ಈ ಓಟಗಳ ಒಂದು ಪದ್ಧತಿ ಹೇಳಬೇಕು. ದಾರಿ ಊರ ಹೊರಗೆ ಐದು ಕಿಲೋಮೀಟರ್ ಹೋಗಿ ಅದೇ ದಾರಿಯಲ್ಲಿ ಮರಳುತ್ತದೆ. ತಿರುಗುವಲ್ಲಿ ಸುಣ್ಣ ಬಳಿದ ಡಾಂಬರ್ ಡ್ರಮ್ಮು ಇಟ್ಟಿರುತ್ತಾರೆ. ಅದರ ಪಕ್ಕದಲ್ಲಿ ಒಬ್ಬರು ತೋಳಿನ ತುಂಬ ರಬ್ಬರ್ ಬ್ಯಾಂಡು ಏರಿಸಿಕೊಂಡು ನಿಲ್ಲುತ್ತಾರೆ. ಡ್ರಮ್ಮು ಸುತ್ತಿದವರಿಗೆ ಒಂದೊಂದು ಕೊಡುತ್ತಾರೆ. ಮುಗಿಯುವಲ್ಲಿ ಕೈ ತೋರಿಸಬೇಕು. ಮನೆಯಿಂದ ಯಾರೂ ತರಬಾರದೆಂದು ಬಣ್ಣವನ್ನು ಆ ದಿನ ಬೆಳಿಗ್ಗೆಯೇ ಗೊತ್ತುಮಾಡುತ್ತಾರೆ. ಬ್ಯಾಂಡು ಇಲ್ಲದವನು ಡ್ರಮ್ಮಿನವರೆಗೆ ಹೋಗದೆ ಅರ್ಧ ದಾರಿಯಿಂದ ಮರಳಿದ ಕಳ್ಳ.

ನಮಗಿಬ್ಬರಿಗೂ ಐವತ್ತು ದಾಟಿದ ಮೇಲಿನ ದೇವದುರ್ಗದ ಓಟ. ಅನಾಥ ಮಕ್ಕಳ ಹಾಸ್ಟೆಲಿಗೆ ಹಾಸಿಗೆ ಕೊಡಿಸಲು ಇಟ್ಟದ್ದು. ಐವತ್ತು ದಾಟಿದವರಿಗೆ ಬೇರೆ ಬಹುಮಾನವಿತ್ತು. ದೇವದುರ್ಗ ಅವನ ಊರು. ಆ ದಿನ ಅವನು ತನ್ನ ತಂದೆಯನ್ನು ಕರೆತಂದಿದ್ದ. ಕಲ್ಲು ಒಡೆದು ಮಗನನ್ನು ಓದಿಸಿದ ಮುದುಕ. ಬೆಳೆದ ಹೆಣ್ಣುಮಕ್ಕಳ ತಂದೆ ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಓಡುವುದು ಅವರಿಗೆ ಸೇರುತ್ತಿರಲಿಲ್ಲವಂತೆ. ಹಿಂದೆ ಒಮ್ಮೆಯೂ ನೋಡಲು ಬಂದಿರಲಿಲ್ಲ. ಮುಗಿಯುವ ಗೆರೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂಡಿಸಿದ್ದ. ನಾನು ಹತ್ತಿರವೇ ಬೂಟಿನ ಲೇಸು ಕಟ್ಟುತ್ತಿದ್ದೆ.

"ನಾಚ್ಕಿ ಬರಲ್ಲೇನಲೇ ನಿನಗ? ಊರ ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡು ಯಪ್ಪಾ. ನೀ ಇಲ್ಲೇ ಕುಂದ್ರು. ಎಲ್ಲೂ ಹೋಗಬ್ಯಾಡ. ಮೊದಲ ಯಾರು ಬರ್ತಾರ ಅಷ್ಟ ನೋಡು."

"ಯಾರು ಬರ್ತಾರ?"

"ನಿನ್ನ ಮಗ ಬರ್ತಾನ."

ಅವನು ಹಾಗೆ ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೇಳಿ ನನಗೆ ಸಿಟ್ಟು ಬಂತು. ಯಾಕೆ ಬಂತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಕಾಲುವೆಯ ಸೇತುವೆ ದಾಟಿದ ಮೇಲೆ ನಮ್ಮ ವಯಸ್ಸಿನವರಲ್ಲಿ ನಾವಿಬ್ಬರೇ ಮುಂದಿದ್ದೆವು. ಡ್ರಮ್ಮಿನ ಬಳಿ ಒಬ್ಬ ಟೀಚರಮ್ಮ ಕೆಂಪು ಬ್ಯಾಂಡು ಹಿಡಿದು ನಿಂತಿದ್ದರು. ಅವನು ನನಗಿಂತ ಎರಡು ಹೆಜ್ಜೆ ಮುಂದೆ. ಡ್ರಮ್ಮು ಸುತ್ತಿ ಕೈ ಚಾಚಿದ. ಅವರು ಬ್ಯಾಂಡು ಮುಂದಿಟ್ಟರು. ನಾನು ಅವನ ಹೆಗಲ ಮೇಲಿಂದ ಕೈ ಹಾಕಿ ಅದನ್ನು ಎಳೆದುಕೊಂಡೆ. ಅವರ ತೋಳಿನ ತುಂಬ ಬ್ಯಾಂಡುಗಳಿದ್ದವು. ನನಗೆ ಅವನದೇ ಬೇಕಿತ್ತು...

ಟೀಚರಮ್ಮ ಇನ್ನೊಂದನ್ನು ಬಿಡಿಸುವಷ್ಟರಲ್ಲಿ ಹಿಂದಿನಿಂದ ಹತ್ತಾರು ಹುಡುಗರ ಗುಂಪು ಬಂದು ಅವರನ್ನು ಮುತ್ತಿತು. ನಾನು ಆಗಲೇ ಓಡುತ್ತಿದ್ದೆ. ಅವನು ನಿಂತರೆ ನಾನು ದೂರ ಹೋಗುತ್ತಿದ್ದೆ. ಅವನು ನಿಲ್ಲಲಿಲ್ಲ. "ಥೂ ನಿನ್ನ!" ಎಂದು ಉಗಿದು ಬರಿಗೈಯಲ್ಲಿ ನನ್ನ ಬೆನ್ನು ಹತ್ತಿದ. ಸೇತುವೆಯ ಮೇಲೆ ನನ್ನನ್ನು ದಾಟಿದ. ಅಂಥ ಓಟ ಅವನು ಹಿಂದೆಂದೂ ಓಡಿರಲಿಲ್ಲ. ನಾನು ಗೆರೆ ಮುಟ್ಟುವ ಮೊದಲೇ ಅವನು ಮುಟ್ಟಿದ್ದ, ಮೂವತ್ತು ಹೆಜ್ಜೆ ಮುಂದೆ. ಅವನ ತಂದೆ ಕುರ್ಚಿಯಿಂದ ಎದ್ದು ನಿಂತಿದ್ದರು. ತಲೆಯ ಟವೆಲು ಕೈಗೆ ಬಂದಿತ್ತು. ನಗುತ್ತಿದ್ದರು.

ಮೇಜಿನ ಬಳಿ ಇದ್ದವರು "ಕೈ ತೋರ್ಸ್ರಿ" ಎಂದರು. ಅವನು ಎರಡೂ ಕೈ ಮುಂದಿಟ್ಟ.

"ಬ್ಯಾಂಡ್ ಎಲ್ಲಿ? ತಿರುವಿಗೆ ಹೋಗಿಲ್ಲೇನ್ರಿ?"

"ಹೋಗೀನ್ರಿ. ಇಂವ ನನ್ನ ಬ್ಯಾಂಡ್ ಕಸ್ಗೊಂಡಾನ."

ಸುತ್ತ ನಿಂತವರು ನಕ್ಕರು. "ರಬ್ಬರ್ ಬ್ಯಾಂಡ್ ಯಾರು ಕಸ್ಗೋತಾರೋ ಮಾರಾಯ?" ಎಂದು ಯಾರೋ ಅಂದರು. ಅವನು ನನ್ನ ಕಡೆ ತಿರುಗಿದ. ಕಣ್ಣಿಗೆ ಬೆವರು ಇಳಿದಿತ್ತು. ಹಿಂದೆ ಅವನ ತಂದೆ ಹತ್ತಿರ ಬಂದು ನಿಂತಿದ್ದರು.

"ಬ್ಯಾಂಡಿನ ಮಾತು ಬಿಡ್ರಿ ಸಾವಕಾರ್ರ. ನಾ ಡ್ರಮ್ ಸುತ್ತಿದ್ದು ನೋಡೀರಲ್ಲ? ಅಷ್ಟ ಹೇಳ್ರಿ."

ಅಷ್ಟು ವರ್ಷಗಳಲ್ಲಿ ಅವನು ನನ್ನನ್ನು ಕೇಳಿದ್ದು ಅದೊಂದೇ. ಹೌದು ಎಂದರೆ ಮುಗಿಯುತ್ತಿತ್ತು.

"ನಾ ನೆಲ ನೋಡ್ಕೋತ ಓಡ್ತೀನ್ರಿ" ಎಂದೆ. "ಯಾರು ತಿರುಗ್ಯಾರ, ಯಾರು ಇಲ್ಲ, ನನಗೇನು ಗೊತ್ತು?"

ಟೀಚರಮ್ಮನಿಗೆ ಫೋನು ಮಾಡಿದರು. ಅಷ್ಟು ಜನರಲ್ಲಿ ಯಾರ ಮುಖ ನೆನಪಿರುತ್ತದೆ ಎಂದರಂತೆ. ಆಮೇಲೆ ಮೈಕಿನಲ್ಲಿ ಹೇಳಿದರು: ಐವತ್ತು ದಾಟಿದವರಲ್ಲಿ ಮೊದಲು ಬಂದವರು ತಿರುವಿಗೆ ಹೋಗದೆ ಅರ್ಧ ದಾರಿಯಿಂದ ಮರಳಿದ್ದರಿಂದ ಅವರನ್ನು ಕೈಬಿಡಲಾಗಿದೆ. ಹೆಸರನ್ನೂ ಹೇಳಿದರು, ಎರಡು ಸಲ. ಮುದುಕರು ಟವೆಲು ಹೆಗಲಿಗೆ ಹಾಕಿಕೊಂಡು ಮಗನ ಮುಖ ನೋಡದೆ ಹೊರಟುಹೋದರು. ಅವನು ಹಿಂದೆ ಹೋದ. "ಯಪ್ಪಾ, ನಿಂದ್ರು... ಯಪ್ಪಾ, ನಿಂದ್ರು" ಎನ್ನುತ್ತಿದ್ದದ್ದು ಗೇಟಿನವರೆಗೂ ಕೇಳಿತು.

ಬಹುಮಾನದ ಕಪ್ಪು ನನಗೆ ಕೊಟ್ಟರು. ತಗೊಂಡೆ.

ಸೋಮವಾರ ಓಡಲು ಸಿದ್ಧನಾಗಿ ಮೂಲೆಗೆ ಬಂದೆ. ಬಸ್ಸು ನಿಂತಿತ್ತು. ಅವನು ಬಾಗಿಲು ಹಿಡಿದು ಕೆಳಗೆ ಇಳಿದು ನಿಂತಿದ್ದ. ಮಣಿಕಟ್ಟಿನಲ್ಲಿ ಕೆಂಪು ರಬ್ಬರ್ ಬ್ಯಾಂಡು.

"ಬರ್ರಿ ಸಾವಕಾರ್ರ, ಸಾವಕಾಶ ಬರ್ರಿ. ಕಪ್ಪು ಗೆದ್ದ ಕಾಲು ಅವು, ಓಡಿಸಬಾರದು. ಯವ್ವಾ, ಚೂರು ಸರಿ ನೀನು. ದೊಡ್ಡ ಮನುಷ್ಯರು ಬರಾಕತ್ತಾರ."

ಅಲ್ಲಿಂದ ಮುಂದೆ ಒಂದು ದಿನವೂ ನನ್ನನ್ನು ಓಡಿಸಲಿಲ್ಲ. ಬೇಕೆಂದೇ ತಡಮಾಡಿ ಹೋದೆ; ಬಸ್ಸು ಕಾಯಿತು, ಪ್ರಯಾಣಿಕರು ನನ್ನನ್ನು ಬೈದರು. ಮುಂದಿನ ನಿಲ್ದಾಣಕ್ಕೆ ನಡೆದುಹೋದೆ. ಅಲ್ಲಿಯೂ ಬಾಗಿಲು ಸರಿಯಾಗಿ ನನ್ನ ಮುಂದೆಯೇ ಬಂದು ನಿಂತಿತು. ಟಿಕೆಟ್ ಕೊಡುವಾಗ ಬ್ಯಾಂಡನ್ನು ಎಳೆದು ಬಿಡುತ್ತಿದ್ದ. ಚಟ್ ಎಂದು ಸದ್ದಾಗುತ್ತಿತ್ತು. ಓಟಗಳಿಗೆ ಬರುವುದನ್ನು ಬಿಟ್ಟಿದ್ದ. ಅವನಿಲ್ಲದ ಓಟಗಳಲ್ಲಿ ನಾನು ಏಳನೆಯವನಾಗಿ, ಹನ್ನೊಂದನೆಯವನಾಗಿ ಬಂದೆ.

ಒಮ್ಮೆ ಕಲ್ಲೂರಿನ ಬಳಿ ಬಸ್ಸು ಬಹುತೇಕ ಖಾಲಿ ಇತ್ತು. ಅವನು ಪಕ್ಕದ ಸೀಟಿನಲ್ಲಿ ಕೂತಿದ್ದ. ಸೊರಗಿದ್ದ. ಧೈರ್ಯ ಮಾಡಿದೆ.

"ಕಂಡಕ್ಟರ್, ಅವತ್ತ ದೇವದುರ್ಗದಾಗ..."

ಅವನು ಎದ್ದು ಮಷೀನು ಕೈಗೆತ್ತಿಕೊಂಡ. ನನ್ನನ್ನು ಎಂದೂ ನೋಡಿಲ್ಲದವನಂತೆ ಕೇಳಿದ. "ಎಲ್ಲಿಗ್ರಿ?"

ಟಿಕೆಟ್ ಆಗಲೇ ನನ್ನ ಜೇಬಿನಲ್ಲಿತ್ತು. ಆದರೂ "ಮಾನ್ವಿ" ಎಂದೆ. ಇನ್ನೊಂದು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ನಮ್ಮ ನಡುವಿನ ಕೊನೆಯ ಮಾತು ಅದು ಎಂದು ಆಗ ತಿಳಿಯಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಸ್ವಲ್ಪ ದಿನಕ್ಕೆ ಬೇರೆ ಕಂಡಕ್ಟರ್ ಬಂದ. ರಜೆ ಇರಬೇಕು ಎಂದುಕೊಂಡು ಒಂದು ವಾರ ಸುಮ್ಮನಿದ್ದೆ. ಆಮೇಲೆ ಕೇಳಿದೆ. "ಕಾಮಾಲೆ ಆಗಿತ್ರಿ. ತೀರ್ಕೊಂಡು ನಾಕು ದಿನ ಆತು" ಎಂದ. ನನಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳುತ್ತಾರೆ? ನಾನು ಅವನಿಗೆ ಯಾರು?

ಭಾನುವಾರ ಕಪ್ಪನ್ನು ಕೈಚೀಲದಲ್ಲಿಟ್ಟುಕೊಂಡು ದೇವದುರ್ಗಕ್ಕೆ ಹೋದೆ. ತಂದೆ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ಯಾರು ಎಂದು ಕೇಳಿದರು. ಹೇಳಿದೆ. ನಿಮ್ಮ ಮಗ ಡ್ರಮ್ಮು ಸುತ್ತಿದ್ದನ್ನು ನೋಡಿದ್ದೆ, ಬ್ಯಾಂಡು ಕಸಿದವನೂ ನಾನೇ, ಎಲ್ಲವನ್ನೂ ಹೇಳಿದೆ. ಅವರು ಪಕ್ಕದಲ್ಲಿದ್ದ ಕೋಲನ್ನು ಕೈಗೆ ಎಳೆದುಕೊಂಡರು.

"ಮನಿಗೆ ಬಂದು ಆಣಿ ಮಾಡಿ ಹೇಳಿದ್ದ. ನಾ ನಂಬಲಿಲ್ಲ. ಊರಿಗೆಲ್ಲ ಮೈಕಿನ್ಯಾಗ ಹೇಳಿದ್ದು ಸುಳ್ಳು ಇರ್ತದೇನಲೇ ಅಂದೆ. ಅವನ ಸಂಗಾಟ ಮಾತು ಬಿಟ್ಟೆ. ದವಾಖಾನಿಗೆ ಒಯ್ಯೋತನಕ ಬಿಟ್ಟೆ. ಅಷ್ಟೊತ್ತಿಗೆ ಅವಗ ಎಚ್ಚರ ಇದ್ದಿದ್ದಿಲ್ಲ."

ನಾನು ಕಪ್ಪನ್ನು ಹೊರತೆಗೆದು ಅವರ ಕಾಲ ಬಳಿ ಇಟ್ಟೆ. ಕೋಲಿನ ತುದಿಯಿಂದ ಅದನ್ನು ನನ್ನ ಕಡೆಗೆ ದೂಡಿದರು.

"ಎತ್ಕೊ ಇದನ್ನ. ನನಗ ಯಾಕ ಹೇಳ್ತಿ? ನಾ ಈಗ ಯಾರಿಗೆ ಹೋಗಿ ಹೇಳ್ಲಿ? ಮೈಕಿನ್ಯಾಗ ಹೇಳಿದ್ದನ್ನ ಮೈಕಿನ್ಯಾಗ ಹೋಗಿ ಹೇಳು. ನಡಿ, ಎದ್ದು ನಡಿ."

ನಮ್ಮ ಕಡೆ ಮನೆಗೆ ಬಂದವರಿಗೆ ಒಂದು ತಂಬಿಗೆ ನೀರಾದರೂ ಕೊಡುತ್ತಾರೆ. ನನಗೆ ಕೊಡಲಿಲ್ಲ. ಕೊಡದಿದ್ದದ್ದು ಸರಿ.

ಈ ವರ್ಷದ ದೇವದುರ್ಗದ ಓಟಕ್ಕೆ ಹೋದೆ. ಓಡಲಿಲ್ಲ. ಕಪ್ಪು ಹಿಡಿದು ಮೈಕಿನವರ ಬಳಿ ನಿಂತೆ. "ಸತ್ತು ಹೋಗ್ಯಾರಂತಲ್ರಿ, ಈಗ ಯಾಕ ಅದು? ಬಿಡ್ರಿ" ಎಂದರು. ಬಿಡಲಿಲ್ಲ. ಕೊನೆಗೆ ಮೈಕು ಕೊಟ್ಟರು. ಅವನ ಹೆಸರು ಹೇಳಿ, ಅವನು ತಿರುವಿಗೆ ಹೋಗಿದ್ದ, ನಾನು ನೋಡಿದ್ದೆ, ಸುಳ್ಳು ಹೇಳಿದವನು ನಾನು ಎಂದೆ. ಎರಡು ಸಲ ಹೇಳಿದೆ, ಅವರು ಹೇಳಿದಂತೆಯೇ. ಬಹಳ ಮಂದಿ ಉಪ್ಪಿಟ್ಟಿನ ಸಾಲಿನಲ್ಲಿದ್ದರು. ಬಹುಮಾನದ ಘೋಷಣೆ ಎಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು. ಗೆರೆಯ ಪಕ್ಕದ ಕುರ್ಚಿಯಲ್ಲಿ ಯಾರೋ ತಟ್ಟೆ ಹಿಡಿದು ತಿನ್ನುತ್ತಿದ್ದರು. ಸ್ಪೀಕರಿನ ದನಿ ಆ ಮುದುಕರ ಓಣಿಯವರೆಗೆ ಕೇಳುತ್ತದಂತೆ. ಕೇಳಿತೋ ಇಲ್ಲವೋ, ಹೋಗಿ ವಿಚಾರಿಸುವ ಮುಖ ನನಗಿಲ್ಲ. ಕಪ್ಪನ್ನು ಮೇಜಿನ ಮೇಲೆ ಬಿಟ್ಟು ಬಂದೆ.

ಚಟ್ನಿ ಪೊಟ್ಟಣದ ಬ್ಯಾಂಡನ್ನು ಎಸೆಯಲು ಮನಸ್ಸಾಗಲಿಲ್ಲ. ಕೈಗೆ ಹಾಕಿಕೊಳ್ಳುವ ಹಕ್ಕೂ ನನಗಿಲ್ಲ. ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ಸುತ್ತಿದ್ದೇನೆ. ಈಗ ಎಣ್ಣೆ ಸೋರುವುದಿಲ್ಲ.

ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಬೈದಿದ್ದರೆ, ಹೊಡೆದಿದ್ದರೆ ಆಗುತ್ತಿತ್ತು. ಅಷ್ಟು ದಿನ ಬಸ್ಸು ನಿಲ್ಲಿಸಿ ನಿಲ್ಲಿಸಿ ಕೊಂದ. ಆಮೇಲೆ ತಾನೇ ಹೋದ...

ಇವತ್ತು ಬೆಳಿಗ್ಗೆ ಮೂಲೆ ತಿರುಗುವಷ್ಟರಲ್ಲಿ ಬಸ್ಸು ಹೊರಟಿತ್ತು. ಹೊಸ ಕಂಡಕ್ಟರ್ ನನ್ನನ್ನು ನೋಡಿರಲಿಲ್ಲ, ಸೀಟಿ ಊದಿದ್ದ. ಮೂವತ್ತು ಹೆಜ್ಜೆ ಓಡಿದರೆ ಸಿಗುತ್ತಿತ್ತು. ಚಪ್ಪಲಿ ಕೈಗೆ ತೆಗೆದುಕೊಂಡು ನಾಲ್ಕು ಹೆಜ್ಜೆ ಓಡಿದೆ ಕೂಡ. ಬಾಗಿಲಲ್ಲಿ ಯಾರೂ ಇರಲಿಲ್ಲ. ರಸ್ತೆಯ ನಡುವೆ ನಿಂತುಬಿಟ್ಟೆ.